ಲಿನಕ್ಸ್‌ನಲ್ಲಿ ವಿಂಡೋಸ್ ಕನ್ನಡ ಬರಹ ತಂತ್ರಾಂಶಗಳು

ನುಡಿ, ಬರಹ ಮೊದಲಾದವು ವಿಂಡೋಸ್‌ಗೆಂದು ಹುಟ್ಟಿದ ತಂತ್ರಾಂಶಗಳು. ಲಿನಕ್ಸ್ ಗಣಕದಲ್ಲಿ ಅವನ್ನು ನಡೆಸಲು ಹೆಚ್ಚಾಗಿ ಬಳಸುವ ಸಾಧನ ವೈನ್. ಇದರ ಕೆಲಸ 1993ರಲ್ಲಿ ಶುರುವಾಗಿ, 1.0 ಆವೃತ್ತಿ 2008ರ ಜೂನ್‌ನಲ್ಲಿ ಹೊರಬಂತು. ರೂಢಿಯಲ್ಲಿ ಎಮ್ಯುಲೇಟರ್ ಅನ್ನುತ್ತಾರೆ, ಆದರೆ ವೈನ್ ಆ ಜಾತಿಯದಲ್ಲ. ಎಮ್ಯುಲೇಟರ್ ಬೇರೊಂದು ಯಂತ್ರವನ್ನೇ ಅನುಕರಿಸುತ್ತದೆ. ವೈನ್, ತಂತ್ರಾಂಶವು ವಿಂಡೋಸನ್ನು ಕೇಳುವ ಕೆಲಸವನ್ನು ಲಿನಕ್ಸ್ ಕೈಯಲ್ಲಿ ಮಾಡಿಸಿಕೊಡುತ್ತದೆ. ವಿಂಡೋಸ್ ಪ್ರತಿ ಬೇಕಿಲ್ಲ, ಹಳೆಯ ಗಣಕವೂ ಸಾಕು.

ಕನ್ನಡಿಗರಿಗೆ ಇದು ನಿಜವಾಗಿ ಬೇಕಾಗುವುದು ಹಳೆಯ ಕಡತಗಳಿಗಾಗಿ. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡ ಅಕ್ಷರಗಳ ತುಂಡುಗಳನ್ನು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಜಾಗದಲ್ಲಿ ಕೂರಿಸುತ್ತಿದ್ದರು. ನುಡಿ ಫಾಂಟಿನಲ್ಲಿ ಬರೆದ ‘ಕನ್ನಡ’ ಪದವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಮೊದಲು ಕಾಣುವುದು ಪಿ, ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಪಿ ಅಂದರೆ ‘ಕ’ದ ಒಡಲು, ಗೆರೆಯ ಎ ಅಂದರೆ ತಲೆಕಟ್ಟು, ಪೌಂಡ್ ಅಂದರೆ ‘ನ’ದ ಒಡಲು. ಬರೆದದ್ದೇನೂ ಕಳೆದುಹೋಗಿರುವುದಿಲ್ಲ, ಓದಲಾಗುವುದಿಲ್ಲ ಅಷ್ಟೆ. ವೈನ್ ತನ್ನೊಳಗೆ ಇಟ್ಟುಕೊಳ್ಳುವ ‘ಸಿ’ ಡ್ರೈವಿನ ಫಾಂಟ್ ಫೋಲ್ಡರಿಗೆ ನುಡಿ ಫಾಂಟನ್ನು ಹಾಕಿದರೆ ಅದೇ ಕಡತ ಓದಲು ಬರುತ್ತದೆ. ಅಲ್ಲಿಂದ ಯೂನಿಕೋಡ್‌ಗೆ ಪರಿವರ್ತಿಸಿ, ಮೂಲವನ್ನೂ ಜೋಪಾನವಾಗಿಡುವುದು ಸರಿಯಾದ ದಾರಿ; ಒತ್ತಕ್ಷರ, ಅರ್ಕಾವತ್ತು ಇರುವಲ್ಲಿ ಪರಿವರ್ತಕಗಳು ಎಡವುವುದುಂಟು.

ಹೊಸದಾಗಿ ಬರೆಯುವುದಕ್ಕೆ ವೈನ್ ಅಷ್ಟು ಒಗ್ಗುವುದಿಲ್ಲ. ಈ ತಂತ್ರಾಂಶಗಳ ಕೀಲಿಮಣೆ ಭಾಗವು ಒತ್ತಿದ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡವಾಗಿಸುತ್ತದೆ. ಆ ಹಿಡಿತ ವೈನ್ ಒಳಗಿನ ಕಿಟಕಿಗಳಿಗಷ್ಟೇ ಸೀಮಿತ. ಪಕ್ಕದಲ್ಲಿ ತೆರೆದಿರುವ ಲಿನಕ್ಸಿನ ಲಿಬ್ರೆ ಆಫೀಸಿಗೆ ಅದು ಎಟುಕದು. ಅದರ ಅಗತ್ಯವೂ ಈಗಿಲ್ಲ. ನುಡಿಯಲ್ಲಿ ಕೈ ಪಳಗಿದವರ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೇ ಇದೆ: ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’. ನಡುವಿನ ಎಫ್ ಒತ್ತಕ್ಷರ ಕೊಡುವ ಕೀಲಿ.

ಈ ವಿನ್ಯಾಸದ ಹಿಂದಿರುವ ಕೆ.ಪಿ. ರಾವ್ ದಕ್ಷಿಣ ಕನ್ನಡದ ಕಿನ್ನಿಕಂಬಳದವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಟಾಟಾ ಪ್ರೆಸ್‌ನಲ್ಲೂ ದುಡಿದವರು. ಕನ್ನಡದ ಕೀಲಿಮಣೆಯ ಕಥೆ ಹೇಳುವಾಗ ಬೆಂಗಳೂರಿನ ಜೊತೆಗೆ ಮುಂಬಯಿಯನ್ನೂ ನೆನೆಯಬೇಕಾದದ್ದು ನ್ಯಾಯ. ವಿಂಡೋಸ್ ಜೊತೆ ಬರುತ್ತಿದ್ದ ಕನ್ನಡ ಫಾಂಟ್ ‘ತುಂಗಾ’ವನ್ನು ರೂಪಿಸಿದ ಆರ್.ಕೆ. ಜೋಶಿ ಕೂಡ ದುಡಿದದ್ದು ಮುಂಬಯಿಯಲ್ಲೇ. ಪೊವಾಯಿಯ ಐಐಟಿಯಲ್ಲಿ ಕಲಿಸಿ, ಬಳಿಕ ಜುಹುವಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದಲ್ಲಿ ಭಾರತೀಯ ಲಿಪಿಗಳ ಕೆಲಸ ಮಾಡಿದರು. ಲಿನಕ್ಸಿಗೆ ಭಾರತೀಯ ಭಾಷೆಗಳನ್ನು ತರುವ ‘ಇಂಡಿಕ್ಸ್’ ಯೋಜನೆ ನಡೆದದ್ದೂ ಅದೇ ಕೇಂದ್ರದಲ್ಲಿ. ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್, ಲಿಬ್ರೆ ಆಫೀಸ್ ಪಾಠಗಳನ್ನು ಕನ್ನಡದಲ್ಲೂ ಕೇಳಿಸುತ್ತದೆ.