ನಾಲ್ಕು ತಾಲ್ಲೂಕು, ಎರಡು ಸಂಶೋಧನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕೂ ತುಮಕೂರು ಕಂದಾಯ ಜಿಲ್ಲೆಯ ತಾಲ್ಲೂಕುಗಳು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಈ ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಪತ್ರಿಕೆಗಳು ಬರೆಯುತ್ತವೆ. ಉಳಿದ ದಿನಗಳಲ್ಲಿ ಮಧುಗಿರಿ ಎಂದರೆ ಏಕಶಿಲಾ ಬೆಟ್ಟ, ಚಾರಣ, ಮೊಬೈಲಿನಲ್ಲಿ ಹರಿದಾಡುವ ವಿಡಿಯೋ. ಇಲ್ಲಿನ ರಾಜಕೀಯ ಇತಿಹಾಸದ ಮೇಲೆ ಇನ್ನೂರು ವರ್ಷಗಳಿಂದ ಕೆಲಸ ನಡೆದಿದೆ, ಇಲ್ಲಿನ ತರಗತಿಗಳೂ ಕೆಲವು ದಶಕಗಳಿಂದ ಅಧ್ಯಯನದ ವಸ್ತುವಾಗಿವೆ. ಆದರೆ ಎರಡೂ ಪರಸ್ಪರ ಮುಖ ನೋಡಿಲ್ಲ.

ಇತಿಹಾಸದ ಕೆಲಸದ ಮೊದಲ ಘಟ್ಟ ಕಂಪನಿ ಸರ್ಕಾರದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಫ್ರಾನ್ಸಿಸ್ ಬುಕನನ್ ಈ ಸೀಮೆಯನ್ನು ಹಾದುಹೋದ. ಬೆಳೆ, ನೇಯ್ಗೆ, ದನಕರು, ಕಂದಾಯ ಎಲ್ಲವನ್ನೂ ಕೇಳಿ ಬರೆದುಕೊಂಡ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಕಾಲಿನ್ ಮೆಕೆಂಜಿಯ ಸಹಾಯಕರು ಊರೂರಿನಿಂದ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ವೃತ್ತಾಂತಗಳನ್ನು, ಕೂಡಿಹಾಕಿದರು. ಮುಂದೆ ಬಿ.ಎಲ್. ರೈಸರ ಗೆಜೆಟಿಯರ್ ಬಂತು, 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟ ಬಂತು. ಆಮೇಲಿನ ಹಯವದನರಾಯರ ಗೆಜೆಟಿಯರಿಗೂ 1969ರ ಜಿಲ್ಲಾ ಗೆಜೆಟಿಯರಿಗೂ ಪಾಳೆಯಗಾರರ ವಿಷಯದಲ್ಲಿ ರೈಸರೇ ಆಧಾರ. ಹೊಸದಾಗಿ ಊರು ಸುತ್ತಿದವರು ಕಡಿಮೆ.

ಈ ಗೆಜೆಟಿಯರ್ ಪರಂಪರೆ ಕೊಟ್ಟ ಚೌಕಟ್ಟು ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಶಿರಾ ಎಂದರೆ 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್, 1687ರಲ್ಲಿ ಮೊಘಲರು, ಏಳು ಪರಗಣಗಳ ಸುಬಾ, 1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ. ಮಧುಗಿರಿ ಎಂದರೆ 1678ರಲ್ಲಿ ಮೈಸೂರಿನ ಪಡೆಗೆ ಸೋತ ರಾಮಗೌಡ, ತಿಮ್ಮಪ್ಪಗೌಡ. ಆಮೇಲೆ ಹೈದರಾಲಿ ಇಲ್ಲಿ ಸೆರೆಯಿಟ್ಟ ಕೆಳದಿಯ ವೀರಮ್ಮಾಜಿ. ಯಾರಾದರೂ ಬಂದು ಗೆದ್ದಾಗ ಮಾತ್ರ ಈ ಊರುಗಳು ಬದುಕಿದ್ದವೇನೋ ಎನ್ನುವ ಹಾಗೆ. ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಟಿಪ್ಪು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದ ಎಂಬ ಮಾತು ಗೆಜೆಟಿಯರಿನಲ್ಲಿದೆ. ಟಿಪ್ಪುವಿನ ಪರ-ವಿರೋಧದ ಜಗಳದಲ್ಲಿ ಈ ಸಾಲು ಎಷ್ಟೋ ಸಲ ಬಳಕೆಯಾಗಿದೆ. ಹೋದವರು ಯಾವ ಕಸುಬಿನವರು, ಅವರು ಹೋದ ಮೇಲೆ ಶಿರಾದ ಪೇಟೆ ಏನಾಯಿತು ಎಂಬುದರ ಮೇಲೆ ಅಷ್ಟು ಶ್ರಮ ಬಿದ್ದಿಲ್ಲ.

ಪಾವಗಡದ ಕಡೆಯ ಕಥೆ ಸ್ವಲ್ಪ ಬೇರೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಗಡಿಯಾಚೆ ಆಂಧ್ರದ ಮಡಕಶಿರಾ ಸೀಮೆಯಲ್ಲಿದೆ. ಎಂ.ಎಸ್. ಕೃಷ್ಣಮೂರ್ತಿ 1980ರಲ್ಲಿ ನೊಳಂಬರ ರಾಜಕೀಯ, ಸಾಂಸ್ಕೃತಿಕ ಚರಿತ್ರೆಯನ್ನು ಕಟ್ಟಿಕೊಟ್ಟರು. 1998ರಲ್ಲಿ ಆಂಡ್ರ್ಯೂ ಕೋಹೆನ್ ನೊಳಂಬರ ದೇವಾಲಯಗಳ ಮೇಲೆ ಪುಸ್ತಕ ತಂದರು. ಪಾವಗಡ ತಾಲ್ಲೂಕಿನ ನಿಡುಗಲ್ಲಿನಿಂದ ಆಳಿದ ಚೋಳರಿಗೆ ಇಷ್ಟು ಅದೃಷ್ಟವಿಲ್ಲ. ಈ ಮನೆತನದ ಇರುಂಗೋಳನ ಕಾಲದಲ್ಲಿ, 1232ರಲ್ಲಿ, ಗಂಗೇಯನ ಮಾರೆಯ ನಿಡುಗಲ್ಲು ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿ ಕಟ್ಟಿಸಿದ್ದಕ್ಕೆ ಶಾಸನವಿದೆ. ಪಾವಗಡದ ಮಕ್ಕಳು ಶನಿಮಹಾತ್ಮನ ಗುಡಿಗೆ ಬರುವ ಭಕ್ತರನ್ನು ಕಂಡೇ ಬೆಳೆಯುತ್ತಾರೆ. ತಮ್ಮ ತಾಲ್ಲೂಕು ಒಂದು ರಾಜಮನೆತನದ ನೆಲೆಯಾಗಿತ್ತೆಂಬುದು ಅವರ ಪಾಠದಲ್ಲಿ ಬರುವುದಿಲ್ಲ.

ಗೆಜೆಟಿಯರಿನ ಚೌಕಟ್ಟನ್ನು ನಿಜವಾಗಿ ಅಲುಗಿಸಿದವರು ಶಾಸನದ ಜೊತೆಗೆ ಬಾಯಿಮಾತನ್ನೂ ದಾಖಲೆಯೆಂದು ಒಪ್ಪಿದ ತಲೆಮಾರಿನವರು. ತೀ.ನಂ. ಶಂಕರನಾರಾಯಣ 1982ರಲ್ಲಿ ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳ ಮೇಲಿನ ತಮ್ಮ ಅಧ್ಯಯನವನ್ನು ಪ್ರಕಟಿಸಿದಾಗ ಗೊಲ್ಲರಹಟ್ಟಿಗಳು ವಿಶ್ವವಿದ್ಯಾಲಯದ ಕಪಾಟಿನೊಳಗೆ ಬಂದವು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪ ಬರೀ ಹರಕೆಯ ದೇವರಾಗಿ ಉಳಿಯದೆ ಪಶುಪಾಲಕರ ವೀರನಾಗಿ ಓದಿಗೆ ಸಿಕ್ಕಿದ. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಿತು, 1994ರಲ್ಲಿ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಅಲ್ಲಿಂದಲೇ ಹೊರಬಂತು. ಅಲ್ಲಿಯವರೆಗೆ ಮೂಲ ಕಡತಗಳನ್ನು ಹುಡುಕಿಕೊಂಡು ಹೋಗಬೇಕಿದ್ದವರ ಮೇಜಿಗೇ ಆಕರ ಬಂದು ಕೂತಿತು.

ಈ ಓದು ಏನು ಮಾಡಬಲ್ಲುದು ಎಂಬುದಕ್ಕೆ ಮಧುಗಿರಿಯ ಕುರಿಯ ಕಥೆಯೇ ಸಾಕು. ಬೆಟ್ಟದತ್ತ ತಪ್ಪಿಸಿಕೊಂಡು ಹೋದ ಕುರಿಯೊಂದು ಮೈಯೆಲ್ಲ ನೆನೆದು ಹಿಂತಿರುಗಿತಂತೆ. ಮೇಲೆ ನೀರಿದೆ ಎಂದು ತಿಳಿದ ರಾಜಾ ಹಿರೇಗೌಡ ಅಲ್ಲಿ ಕೋಟೆ ಕಟ್ಟಿದನಂತೆ. ಗೆಜೆಟಿಯರಿಗೆ ಇದೊಂದು ದಂತಕಥೆ ಮಾತ್ರ. ಹೊಸ ತಲೆಮಾರಿಗೆ ಇದು ಬರದ ಸೀಮೆಯಲ್ಲಿ ಅಧಿಕಾರ ಎಲ್ಲಿ ಹುಟ್ಟಿತು ಎಂಬುದರ ಸಾಕ್ಷಿ. ಕುರಿ ಕಾಯುವವನ ತಿಳಿವಳಿಕೆ, ಬಂಡೆಯ ಸಂದಿಯ ನೀರು, ಅದನ್ನು ಹಿಡಿದಿಟ್ಟ ದೊಣೆ, ಆಮೇಲೆ ಗೋಡೆ. ಪಾಳೆಯಗಾರನೆಂದರೆ ಲೂಟಿಕೋರ ಎಂಬ ಹಳೆಯ ಮಾತು ಇಲ್ಲಿ ಸಡಿಲವಾಗುತ್ತದೆ. ಕೆರೆ, ಕಾವಲು, ಸಂತೆ ನೋಡಿಕೊಂಡವನೂ ಅವನೇ. ರಣಭೈರೇಗೌಡನ ಕೊರಟಗೆರೆಯನ್ನೂ ಹೀಗೆ ಓದಬಹುದು.

ಇತ್ತ ಶಿಕ್ಷಣಶಾಸ್ತ್ರದ ದಾರಿಯೇ ಬೇರೆ. 1932ರಲ್ಲಿ ರೆನ್ಸಿಸ್ ಲೈಕರ್ಟ್ ರೂಪಿಸಿದ ಮನೋಭಾವ ಮಾಪನಿ ಭಾರತದ ಎಂ.ಎಡ್. ಪ್ರಬಂಧಗಳ ಬೆನ್ನೆಲುಬಾಯಿತು. 1974ರಲ್ಲಿ ಎಂ.ಬಿ. ಬುಚ್ ಬರೋಡದಿಂದ ಶೈಕ್ಷಣಿಕ ಸಂಶೋಧನೆಗಳ ಮೊದಲ ಸಮೀಕ್ಷೆ ತಂದಾಗಲೇ ಈ ಬಗೆಯ ಅಧ್ಯಯನಗಳು ರಾಶಿ ಬಿದ್ದಿದ್ದವು. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಬಂದ ಮೇಲೆ ಇಂಥ ಕೆಲಸಕ್ಕೆ ಜಿಲ್ಲೆಯೊಳಗೇ ನೆಲೆ ಸಿಕ್ಕಿತು. ‘ಇತಿಹಾಸದ ಪಾಠ ನನಗೆ ಬೇಸರ ತರಿಸುತ್ತದೆ’ ಎಂಬಂಥ ಹೇಳಿಕೆ, ಎದುರಿಗೆ ಪೂರ್ಣ ಒಪ್ಪಿಗೆಯಿಂದ ಪೂರ್ಣ ಅಸಮ್ಮತಿಯವರೆಗೆ ಐದು ಖಾನೆ. ಹುಡುಗ-ಹುಡುಗಿ, ಸರ್ಕಾರಿ-ಖಾಸಗಿ, ನಗರ-ಗ್ರಾಮೀಣ ಎಂದು ವಿಂಗಡಿಸಿ ಅಂಕ ಕೂಡಿಸುವುದು ರೂಢಿ. ಲೆಕ್ಕ ಅಚ್ಚುಕಟ್ಟು. ಮಗುವಿಗೆ ಬೇಸರ ತರಿಸಿದ್ದು ಯಾವ ಇತಿಹಾಸ ಎಂಬ ಪ್ರಶ್ನೆಗೆ ಮಾತ್ರ ಖಾನೆಯಿಲ್ಲ.

ಕಲಿಕೆಯ ದೊಡ್ಡ ಪ್ರಯೋಗಗಳೂ ಹೊರಗಿನಿಂದಲೇ ಬಂದವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ 2009-10ರಲ್ಲಿ ರಾಜ್ಯವ್ಯಾಪಿಯಾಯಿತು. ಕೊರೋನಾ ನಂತರ ‘ಕಲಿಕಾ ಚೇತರಿಕೆ’ ಬಂತು. ಗ್ರಾಮೀಣ ಮಕ್ಕಳ ಓದು, ಲೆಕ್ಕ ಅಳೆಯುವ, 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ ಹಿಡಿಯುವುದು ಕಂದಾಯ ಜಿಲ್ಲೆಯನ್ನು. ಹಾಗಾಗಿ ಪಾವಗಡದ ಹಳ್ಳಿಯ ಮಗುವಿನ ಓದು ಅದೇ ಕಂದಾಯ ಜಿಲ್ಲೆಯ ಇನ್ನೊಂದು ತುದಿಯ ತಿಪಟೂರಿನ ಮಗುವಿನ ಓದಿನೊಂದಿಗೆ ಬೆರೆತುಹೋಗುತ್ತದೆ.

ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ. ನಗರ-ಗ್ರಾಮೀಣ ಎಂಬ ಎರಡು ಖಾನೆಗಳಲ್ಲಿ ಈ ಸಂಗತಿ ಮುಚ್ಚಿಹೋಗುತ್ತದೆ. ಮೂರನೇ ತರಗತಿಯ ಹುಡುಗಿ ಕನ್ನಡ ವಾಕ್ಯ ಓದಲು ತಡವರಿಸಿದರೆ ಅದು ಓದಿನ ಕೊರತೆಯೋ, ಭಾಷೆಯ ಅಂತರವೋ? ಇದನ್ನು ಬೇರ್ಪಡಿಸದೆ ಕೊಟ್ಟ ಅಂಕಿಗಳ ಮೇಲೆ ‘ಹಿಂದುಳಿದ ತಾಲ್ಲೂಕು’ ಎಂಬ ಹಣೆಪಟ್ಟಿ ಸುಲಭವಾಗಿ ಕೂರುತ್ತದೆ.

ಸ್ಥಳೀಯ ಜ್ಞಾನವನ್ನು ಪಾಠಕ್ಕೆ ತರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೆ ರಾಜ್ಯದ ಪಠ್ಯಪುಸ್ತಕದ ಜಗಳಗಳೆಲ್ಲ ದೊಡ್ಡ ಹೆಸರುಗಳ ಸುತ್ತಲೇ ನಡೆದವು. ಶಿರಾ ತಾಲ್ಲೂಕಿನ ಬರಗೂರಿನವರೇ ಆದ ಬರಗೂರು ರಾಮಚಂದ್ರಪ್ಪನವರ ಸಮಿತಿಯ ಪರಿಷ್ಕರಣೆ, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯದು: ಯಾರ ಪಾಠ ಉಳಿಯಿತು, ಯಾರದು ಹೋಯಿತು ಎಂದು ತಿಂಗಳುಗಟ್ಟಲೆ ವಾಗ್ವಾದ. ಶಿರಾದಲ್ಲಿರುವ, ಬಿಜಾಪುರದ ಕಾಲದ ಅಧಿಕಾರಿ ಮಲಿಕ್ ರಿಹಾನನ ಗೋರಿಯನ್ನು ಅದೇ ಊರಿನ ಎಂಟನೇ ತರಗತಿಗೆ ಪಾಠವಾಗಿಸಿದರೆ ಕಲಿಕೆ ಏನಾಗುತ್ತದೆ ಎಂಬುದು ಯಾವ ಕಡೆಯ ಪ್ರಶ್ನೆಯೂ ಆಗಲಿಲ್ಲ.

ಹತ್ತಿರದ ರಾಜಕೀಯ ಚರಿತ್ರೆಯಂತೂ ಪತ್ರಿಕೆಯ ಕಡತಗಳಲ್ಲೇ ಉಳಿದಿದೆ. 2008ರ ವಿಧಾನಸಭಾ ಕ್ಷೇತ್ರ ಮರುವಿಂಗಡಣೆಯಲ್ಲಿ ಪರಿಶಿಷ್ಟ ಜಾತಿಯ ಮೀಸಲು ಮಧುಗಿರಿಯಿಂದ ಕೊರಟಗೆರೆಗೆ ಸರಿದಾಗ ಹಳ್ಳಿಗಳ ಲೆಕ್ಕಾಚಾರ ಹೇಗೆ ಬದಲಾಯಿತು? 2005ರ ಫೆಬ್ರವರಿಯಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರ ದಾಳಿ ನಡೆಯಿತು. ಅದರ ಹಿಂದಿನ ಜಮೀನಿನ ಚರಿತ್ರೆಯೇನು? ಅದೇ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಜಮೀನಿದ್ದವರ ಮನೆಗೆ ಆ ಹಣ ಬಂತು, ಕೂಲಿಯವರ ಮನೆಗೆ ಬರಲಿಲ್ಲ. ಆ ಎರಡೂ ಬಗೆಯ ಮನೆಗಳ ಮಕ್ಕಳು ಕೂರುವುದು ಒಂದೇ ಶಾಲೆಯಲ್ಲಿ. ಅವರಿಗೆ ಕೊಡುವ ಪ್ರಶ್ನಾವಳಿಯಲ್ಲಿ ‘ಪೋಷಕರ ಉದ್ಯೋಗ’ದ ಎದುರು ಇನ್ನೂ ಕೃಷಿ, ಕೂಲಿ, ಇತರೆ ಎಂಬ ಹಳೆಯ ವಿಂಗಡಣೆಯೇ ಇದ್ದರೆ, ಗುತ್ತಿಗೆ ಹಣದಲ್ಲಿ ಬದುಕುವ ರೈತನ ಮಗ ಯಾವುದಕ್ಕೆ ಗುರುತು ಹಾಕಬೇಕು?