ಗೋಡೆಯ ಒಳಗಡೆ ಕಂಬಳಿ

ಯೂಜೀನ್ ಓನೀಲ್ 1936ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ. ಆ ಹಣದಿಂದ ಮರುವರ್ಷ ನಮ್ಮ ಡ್ಯಾನ್‌ವಿಲ್‌ನ ಬೆಟ್ಟದ ಮೇಲೆ ತಾವೊ ಹೌಸ್ ಕಟ್ಟಿಸಿದ. 1944ರವರೆಗೆ ಅಲ್ಲಿದ್ದು ತನ್ನ ಕೊನೆಯ ದೊಡ್ಡ ನಾಟಕಗಳನ್ನು ಬರೆದ. ಊರಿನಿಂದ ಬಂದ ನೆಂಟರನ್ನು ನಾನು ಅಲ್ಲಿಗೆ ಕರೆದೊಯ್ಯುವುದುಂಟು. ಸ್ಪ್ಯಾನಿಷ್ ಕಾಲದ ಮಣ್ಣಿಟ್ಟಿಗೆಯಂತೆ ಕಾಣುವ ಆ ಬಿಳಿ ಗೋಡೆಗಳು ನಿಜವಾಗಿ ಬೇಸಲೈಟ್ ಎಂಬ ಕಾಂಕ್ರೀಟ್ ಇಟ್ಟಿಗೆಯವು. ಇಂಥ ಹಳೆಯ ಗೋಡೆಗಳಿಗೆ ಒಳಗಡೆಯಿಂದ ಇನ್ಸುಲೇಷನ್ ಹಾಕಿ ಬೆಚ್ಚಗೆ ಮಾಡಬಾರದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಈ ಪ್ರಶ್ನೆ ಅಮೆರಿಕೆಯಲ್ಲಿ ಬಲವಾಗಿ ಎದ್ದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಮರುವರ್ಷವೇ ಕ್ಯಾಲಿಫೋರ್ನಿಯಾ ಇಂಧನ ಆಯೋಗ ರಚಿಸುವ ಕಾನೂನು ತಂದಿತು. 1978ರಲ್ಲಿ ಹೊಸ ಕಟ್ಟಡಗಳಿಗೆ ಇಂಧನ ನಿಯಮಗಳು ಬಂದವು. ತಾವೊ ಹೌಸ್ 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಗಿತ್ತು. ಹಳೆಯ ಕಟ್ಟಡಗಳಲ್ಲಿ ಇಂಧನ ಉಳಿಸುವ ಬಗ್ಗೆ ಕೇಂದ್ರದ ಇಂಟೀರಿಯರ್ ಇಲಾಖೆ ಅದೇ 1978ರಲ್ಲಿ ಹೊರತಂದ ಕಿರುಹೊತ್ತಿಗೆ ಅಟ್ಟಕ್ಕೆ ಇನ್ಸುಲೇಷನ್ ಹಾಕಿ, ಕಿಟಕಿ ಬಾಗಿಲ ಸಂದು ಮುಚ್ಚಿ ಎಂದಿತು. ಗೋಡೆಯ ವಿಷಯದಲ್ಲಿ ಮಾತ್ರ ತೇವದ ಭಯದಿಂದ ಎಚ್ಚರಿಸಿತು.

ಭಯಕ್ಕೆ ಕಾರಣವಿದೆ. ಹಳೆಯ ಗೋಡೆ ಮಳೆನೀರನ್ನು ಹೀರಿ, ಒಳಗಿನ ಬಿಸಿಯಿಂದಲೂ ಹೊರಗಿನ ಬಿಸಿಲಿನಿಂದಲೂ ಒಣಗುತ್ತದೆ. ಒಳಗಡೆ ಕಂಬಳಿ ಹೊದಿಸಿದರೆ ಬೆಚ್ಚಗಾಗುವವರು ನಾವು, ಗೋಡೆಯಲ್ಲ. ಅದು ಮೊದಲಿಗಿಂತ ತಣ್ಣಗಾಗುತ್ತದೆ, ಒಳಮುಖವಾಗಿ ಒಣಗುವ ದಾರಿಯೂ ಕಟ್ಟುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ, ಶೇ. 50 ಆರ್ದ್ರತೆಯ ಗಾಳಿ ಸುಮಾರು 9 ಡಿಗ್ರಿಯ ಮೈಗೆ ತಾಗಿದರೆ ನೀರಾಗುತ್ತದೆ. ನಮ್ಮ ಜನವರಿ ರಾತ್ರಿಗಳು ಅದಕ್ಕಿಂತ ತಣ್ಣಗಿರುತ್ತವೆ, ಮಳೆಗಾಲವೂ ಅದೇ. ಅಡುಗೆ, ಸ್ನಾನದ ಹಬೆ ಸಂದಿನಲ್ಲಿ ನುಸುಳಿ ಕಂಬಳಿಯ ಹಿಂದೆ ನೀರಾಗಿ ಬೂಷ್ಟು ಹಿಡಿಸುತ್ತದೆ. ಗೋಡೆಯಲ್ಲಿ ತುದಿ ಹುದುಗಿರುವ ಮರದ ತೊಲೆ ಕೊಳೆಯುತ್ತದೆ. ಹಿಮ ಬೀಳುವ ಊರುಗಳಲ್ಲಿ ಇಟ್ಟಿಗೆಯೊಳಗಿನ ನೀರು ಹೆಪ್ಪುಗಟ್ಟಿ ಅದರ ಮುಖವೇ ಉದುರುತ್ತದೆ. ಕೇಡೆಲ್ಲ ಕಣ್ಣಿಗೆ ಬೀಳದಲ್ಲೇ ನಡೆಯುತ್ತದೆ.

ಮಂಗಳೂರು, ಕಾಸರಗೋಡುಗಳ ಕಡೆ ಇದು ತಿರುಗುಮುರುಗು. ಅಲ್ಲಿ ಹೊರಗೇ ಸೆಕೆ, ಹೊರಗೇ ತೇವ. ಮುರಕಲ್ಲಿನ ಹಳೆಯ ಮನೆಯ ಕೋಣೆಗೆ ಏಸಿ ಹಾಕಿ, ಗೋಡೆಗೆ ಥರ್ಮಾಕೋಲ್, ಜಿಪ್ಸಮ್ ಹಲಗೆ ಹೊಡೆದರೆ, ಹೊರಗಿನ ಹಬೆ ಒಳಕ್ಕೆ ಬಂದು ತಣ್ಣನೆಯ ಹಲಗೆಯ ಹಿಂದೆ ನೀರಾಗುತ್ತದೆ. ಮೊದಲಿದ್ದ ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತಿತ್ತು. ಅದರ ಮೇಲೆ ಬಳಿದ ಸಿಮೆಂಟು, ಪ್ಲಾಸ್ಟಿಕ್ ಪೇಂಟು ಬಿಡುವುದಿಲ್ಲ.

ಡಾಲರು ಕಳಿಸಿ ಅಜ್ಜನ ಮನೆ ರಿಪೇರಿ ಮಾಡಿಸುವವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ನಾನು ಹೇಳುವುದಿಷ್ಟು: ಮೊದಲು ಹೆಂಚು, ದೋಣಿ, ಅಂಗಳದ ನೀರಿನ ಹಾದಿ ಸರಿಮಾಡಿ. ಆಮೇಲೆ ಅಟ್ಟ, ಕಿಟಕಿ. ಗೋಡೆಯ ಸರದಿ ಕೊನೆಗೆ. ಅದೂ ಒಂದು ಮಳೆಗಾಲ ಪೂರ್ತಿ ಅದು ಎಲ್ಲಿ ನೆನೆಯುತ್ತದೆ, ಹೇಗೆ ಒಣಗುತ್ತದೆ ಎಂದು ನೋಡಿದ ಮೇಲೆ.