ಅಲೈನ್‌ಮೆಂಟ್‌ಗೂ ಮುಂಚೆ ಕೀಲು ನೋಡಿ

ಹಬ್ಬಕ್ಕೆ ಪುಣೆಯಿಂದ ಊರಿಗೆ ಕಾರಲ್ಲಿ ಹೊರಡೋ ಮುಂಚೆ ನಮ್ಮಲ್ಲಿ ತುಂಬಾ ಜನ ವೀಲ್ ಅಲೈನ್‌ಮೆಂಟ್ ಮಾಡಿಸ್ತೀವಿ. ನಾನೂ ಮಾಡಿಸಿದೆ, ಒಂದೇ ತಿಂಗಳಲ್ಲಿ ಎರಡು ಸಲ. ಪರದೆ ಮೇಲೆ ಅಂಕಿಗಳೆಲ್ಲ ಹಸಿರು. ಆದ್ರೆ ಹೈವೇಲಿ ಕಾರು ನೆಟ್ಟಗೆ ಹೋಗ್ತಿರಲಿಲ್ಲ. ಕೊನೆಗೆ ಒಬ್ಬ ಹಳೇ ಮೆಕ್ಯಾನಿಕ್ ಜಾಕ್ ಹಾಕಿ, ಮುಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಟೈ ರಾಡ್ ತುದಿಯ ಕೀಲು ಸವೆದಿತ್ತು. ಆ ಕೀಲು ಅಲ್ಲಿಗೆ ಬಂದದ್ದು ಯಾಕೆ ಅನ್ನೋದಕ್ಕೆ ಇನ್ನೂರು ವರ್ಷದ ಕಥೆ ಇದೆ. ಇವತ್ತು ಅದನ್ನು ಹೇಳ್ತೀನಿ.

ನಮ್ಮೂರ ಎತ್ತಿನ ಗಾಡಿಗೆ ಎರಡೇ ಚಕ್ರ, ಒಂದೇ ಅಚ್ಚು. ಎತ್ತು ತಿರುಗಿದರೆ ಗಾಡಿನೂ ತಿರುಗುತ್ತೆ. ತೊಂದರೆ ಶುರುವಾಗೋದು ನಾಲ್ಕು ಚಕ್ರ ಬಂದಾಗ. ಜಾತ್ರೆಯ ತೇರು ನೆನಪು ಮಾಡಿಕೊಳ್ಳಿ. ಅಚ್ಚುಗಳು ತಿರುಗೋದಿಲ್ಲ, ಅದಕ್ಕೇ ಚಕ್ರದ ಕೆಳಗೆ ಮರದ ಬೆಣೆ ಕೊಟ್ಟು ಕೊಟ್ಟು ದಿಕ್ಕು ಬದಲಿಸಬೇಕು.

ಯುರೋಪಿನ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ಪೂರ್ತಿಯಾಗಿ ನಡುವಿನ ಒಂದು ಗೂಟದ ಮೇಲೆ ತಿರುಗುತ್ತಿತ್ತು. ಜೋರಾಗಿ ತಿರುಗಿಸಿದರೆ ಪಲ್ಟಿ ಹೊಡೆಯುವ ಭಯ. ಮ್ಯೂನಿಕ್ ನಗರದ ಸಾರೋಟು ತಯಾರಕ ಲಾಂಕೆನ್ಸ್‌ಪೆರ್ಗರ್ ಬೇರೆ ದಾರಿ ಹಿಡಿದರು. ಅಚ್ಚು ಅಲ್ಲೇ ಇರಲಿ, ಒಂದೊಂದು ಚಕ್ರಕ್ಕೂ ಅದರದ್ದೇ ಕೀಲು ಇರಲಿ, ಎರಡನ್ನೂ ಸರಳಿನಿಂದ ಜೋಡಿಸೋಣ ಎಂದರು. ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ಸುತ್ತು ಹಾಕುತ್ತೆ, ಹೊರಗಿನದು ದೊಡ್ಡ ಸುತ್ತು. ಹಾಗಾಗಿ ಒಳಗಿನದು ಹೆಚ್ಚು ತಿರುಗಬೇಕು. ಈ ಏರ್ಪಾಡಿನಲ್ಲಿ ಅದು ಸಾಧ್ಯ. ಅವರ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದವರು ರುಡಾಲ್ಫ್ ಆಕರ್‌ಮನ್ ಎಂಬ ಪ್ರಕಾಶಕರು. ಉಳಿದದ್ದು ಅವರ ಹೆಸರೇ. ಇವತ್ತಿಗೂ ಅದು ಆಕರ್‌ಮನ್ ಸ್ಟೀರಿಂಗ್.

ಇದು ಎಷ್ಟು ಕಷ್ಟದ ಲೆಕ್ಕ ಅಂದ್ರೆ, ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಕಾರಿಗೆ ಮೂರೇ ಚಕ್ರ. ನಾಲ್ಕು ಚಕ್ರದ ಸ್ಟೀರಿಂಗ್ ಅವರಿಗೆ ಆಗಿನ್ನೂ ಬಗೆಹರಿದಿರಲಿಲ್ಲ. ಚಕ್ರಕ್ಕೊಂದು ಕೀಲಿನ ಸ್ಟೀರಿಂಗ್‌ಗೆ ಅವರಿಗೆ ಪೇಟೆಂಟ್ ಸಿಕ್ಕಿದ್ದು 1893ರಲ್ಲಿ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಎರಡು ಚಕ್ರವೂ ಒಂದೇ ಅಚ್ಚಿಗೆ ಸಿಕ್ಕಿಸಿದ್ದಾಗ ಅವು ಒಂದಕ್ಕೊಂದು ಸಮವಾಗಿಯೇ ಇರ್ತಿದ್ದವು. ಈಗ ಆ ಸಮ ನಿಂತಿರೋದು ಸರಳಿನ ಉದ್ದದ ಮೇಲೆ, ಕೀಲುಗಳ ಬಿಗಿಯ ಮೇಲೆ. ಅಲೈನ್‌ಮೆಂಟ್ ಮಾಡೋರು ಸರಳಿನ ಉದ್ದ ಸರಿಮಾಡ್ತಾರೆ. 1983ರಲ್ಲಿ ಬಂದ ಮಾರುತಿ 800ರಿಂದ ಹಿಡಿದು ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಮುಖ್ಯವಾಗಿ ಸರಿಮಾಡೋದು ಅಷ್ಟೇ, ಅದರ ಹೆಸರು ಟೋ. ಕೀಲು ಸಡಿಲ ಇದ್ದರೆ ನಿಂತ ಕಾರಿನಲ್ಲಿ ಅಳೆದ ಕೋನ ಒಂದು, ಗುಂಡಿಗೆ ಬಿದ್ದಾಗ, ಬ್ರೇಕ್ ಒತ್ತಿದಾಗ ಇರೋ ಕೋನ ಇನ್ನೊಂದು. ಯಂತ್ರ ಸುಳ್ಳು ಹೇಳಲ್ಲ. ಆದ್ರೆ ಅದು ಹೇಳೋದು ನಿಂತಿದ್ದಾಗಿನ ಮಾತು.

ಹಾಗಾದ್ರೆ ಮೊದಲು ಏನು ನೋಡಬೇಕು? ಟೈರ್ ತಣ್ಣಗಿದ್ದಾಗ ಗಾಳಿ ನೋಡಿ, ಒಂದು ಕಡೆ ಕಮ್ಮಿ ಇದ್ದರೂ ಕಾರು ಆ ಕಡೆ ಎಳೆಯುತ್ತೆ. ಟೈರಿನ ಒಳಅಂಚು, ಹೊರಅಂಚು ಬೇರೆ ಬೇರೆ ಥರ ಸವೆದಿದೆಯಾ ಅಂತ ಕೈಯಾಡಿಸಿ. ಡಿಕ್ಕಿಯಲ್ಲಿರೋ ಭಾರದ ಸಾಮಾನು ಇಳಿಸಿ. ಆಮೇಲೆ ಚಕ್ರ ಎತ್ತಿಸಿ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೆ ಟೈ ರಾಡ್ ಮೇಲೆ ಅನುಮಾನ. 12 ಮತ್ತು 6ರಲ್ಲಿ ಸಿಕ್ಕರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಮೇಲೆ. ರಬ್ಬರ್ ಬುಷ್ ಬಿರುಕು ಬಿಟ್ಟಿದೆಯಾ ನೋಡಿಸಿ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಮಾತ್ರ ಹೋಗಬೇಡಿ. ಸವೆದದ್ದನ್ನು ಬದಲಿಸಿದ ಮೇಲೆಯೇ ಅಲೈನ್‌ಮೆಂಟ್.

ಸವೆದ ಕೀಲು ಪೂರ್ತಿ ಕಳಚಿದರೆ ಆ ಚಕ್ರ ಸ್ಟೀರಿಂಗ್ ಮಾತು ಕೇಳಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯೋರಿಗೆ ಇದು ಬರೀ ಟೈರ್ ಖರ್ಚಿನ ವಿಷಯ ಅಲ್ಲ. ಗಾಡಿ ಹೂಡೋ ಮುಂಚೆ ಚಕ್ರ ಕಳಚದ ಹಾಗೆ ಹಿಡಿದಿರೋ ಕಡಾಣಿಯನ್ನು ನಮ್ಮ ಹಿರಿಯರು ಮುಟ್ಟಿ ನೋಡ್ತಿದ್ದರು. ಮುಂದಿನ ಸಲ ಕಾರನ್ನು ಯಂತ್ರದ ಮೇಲೆ ಹತ್ತಿಸೋ ಮುಂಚೆ ಕೇಳಿ: "ಅಣ್ಣಾ, ಮೊದಲು ಚಕ್ರ ಎತ್ತಿ ಅಲ್ಲಾಡಿಸಿ ನೋಡಿ."